ದೊಡ್ಡಪ್ಪನ ಕಾರಿನ ಕೆಂಪು ದೀಪ

ನಮ್ಮ ದೊಡ್ಡಪ್ಪನಿಗೆ ಈ ಭೂಮಿಯ ಮೇಲೆ ಶತ್ರು ಎಂದು ಇದ್ದದ್ದು ಒಂದೇ ಒಂದು. ಅದು ಮನುಷ್ಯನಲ್ಲ, ಹಾವಲ್ಲ, ಬೆಳಗಿನ ಜಾವ ಕೂಗುತ್ತಿದ್ದ ಪಕ್ಕದ ಮನೆಯ ಹುಂಜವೂ ಅಲ್ಲ. ತೊಗರಿಕಾಳಿನಷ್ಟು ಗಾತ್ರದ ಒಂದು ಕೆಂಪು ದೀಪ. ನಾಲ್ಕು ತಿಂಗಳು ಆ ದೀಪ ನಮ್ಮ ಮನೆಯನ್ನು ಆಳಿತು ಎಂದರೆ ನೀವು ನಂಬುತ್ತೀರೋ ಇಲ್ಲವೋ, ನಾನಂತೂ ಅದರ ಪ್ರಜೆಯಾಗಿದ್ದವಳು.

ಎಪ್ಪತ್ತರ ದಶಕದ ಮಾತು. ದೊಡ್ಡಪ್ಪ ಮಳವಳ್ಳಿ, ಮದ್ದೂರು, ಮಂಡ್ಯ ಹೀಗೆ ಮೂರು ಊರುಗಳ ಹೈಸ್ಕೂಲುಗಳಲ್ಲಿ ವಿಜ್ಞಾನ ಪಾಠ ಮಾಡಿ ಆಗಷ್ಟೇ ನಿವೃತ್ತರಾಗಿದ್ದರು. ನಾನು ಕಾಲೇಜು ಓದಲೆಂದು ಮಂಡ್ಯದ ಅವರ ಮನೆಯಲ್ಲಿದ್ದೆ. ದೊಡ್ಡಪ್ಪ, ದೊಡ್ಡಮ್ಮ, ನಾನು, ಮನೆಯಲ್ಲಿ ಮೂವರೇ. ಪಾಠ ಮಾಡುವುದು ನಿಂತಿತ್ತೇ ಹೊರತು ದೊಡ್ಡಪ್ಪನ ಪಾಠ ನಿಂತಿರಲಿಲ್ಲ. ಸಾರು ಉಕ್ಕಿದರೆ ಆವಿಯ ಒತ್ತಡದ ಬಗ್ಗೆ, ನಾನು ಜಾರಿ ಬಿದ್ದರೆ ಘರ್ಷಣೆಯ ಬಗ್ಗೆ ಹೇಳುತ್ತಿದ್ದರು. ಎಬ್ಬಿಸುತ್ತಿದ್ದದ್ದು ಆಮೇಲೆ.

ಅವರದೊಂದು ನಿಯಮವಿತ್ತು. ಕಾರಣ ಗೊತ್ತಿರುವ ಮನುಷ್ಯ ಯಾವ ವಸ್ತುವನ್ನೂ ಇನ್ನೊಬ್ಬರ ಕೈಗೆ ರಿಪೇರಿಗೆ ಕೊಡಬಾರದು. ಈ ನಿಯಮದ ಪ್ರಕಾರ ಒಮ್ಮೆ ದೊಡ್ಡಮ್ಮನ ಹೊಲಿಗೆ ಯಂತ್ರವನ್ನು ಬಿಚ್ಚಿ ಮತ್ತೆ ಕೂಡಿಸಿದರು. ಅಂದಿನಿಂದ ಅದು ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಬದಲು ಹೊಲಿಯುವವರ ಹೊಟ್ಟೆಯ ಕಡೆಗೇ ತಳ್ಳತೊಡಗಿತು. ದೊಡ್ಡಮ್ಮ ಕುರ್ಚಿಯನ್ನು ಎತ್ತಿ ಯಂತ್ರದ ಆಚೆ ಬದಿಗೆ ಹಾಕಿಕೊಂಡು ಅಲ್ಲಿಂದ ಹೊಲಿಯುವುದನ್ನು ಕಲಿತಳು. ನನ್ನ ಎರಡು ಲಂಗ ಹಾಗೆಯೇ ತಯಾರಾದವು. ಹೊಲಿಗೆ ಚೆನ್ನಾಗಿಯೇ ಇತ್ತು.

ಕಾರು ಬಂದದ್ದು ಬ್ಲಫ್ ಎಂಬ, ಜಲವಿದ್ಯುತ್ ಕೇಂದ್ರದ ಊರಿನಿಂದ. ಅಲ್ಲಿಂದ ವರ್ಗವಾಗಿ ದೂರದ ಊರಿಗೆ ಹೋಗುತ್ತಿದ್ದ ಇಂಜಿನಿಯರೊಬ್ಬರು ತಮ್ಮ ಹಳೆಯ ವಿಲಾಯತಿ ಕಾರನ್ನು ದೊಡ್ಡಪ್ಪನಿಗೆ ಒಪ್ಪಿಸಿದರು. ಆಮೆಯ ಬೆನ್ನಿನಂಥ ಕಾರು, ಬಣ್ಣ ನೆನೆದ ಬೂದಿಯದು. ಕೊಟ್ಟವರು ಹೊರಡುವಾಗ ಕಣ್ಣೊರೆಸಿಕೊಂಡರಂತೆ. ದುಃಖಕ್ಕೋ ನಿರಾಳಕ್ಕೋ ಎಂಬುದನ್ನು ದೊಡ್ಡಪ್ಪ ವಿಚಾರಿಸಿರಲಿಲ್ಲ.

ಮೊದಲ ತಿಂಗಳು ಕಾರು ಸೊಸೆಯಂತೆ ನಡೆದುಕೊಂಡಿತು. ಎರಡನೇ ತಿಂಗಳು ದೀಪ ಹತ್ತಿಕೊಂಡಿತು. ಆ ದೀಪ ಏನೆಂದು ನನಗೆ ಊಟದ ಹೊತ್ತಿನಲ್ಲಿ ಎಷ್ಟು ಸಲ ವಿವರಿಸಲಾಯಿತೆಂದರೆ ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಕೀಲಿ ತಿರುಗಿಸಿದಾಗ ಅದು ಉರಿಯಬೇಕು. ಎಂಜಿನ್ ಜೋರಾಗಿ ಓಡತೊಡಗಿದರೆ ಡೈನಮೋ ಕರೆಂಟು ಹುಟ್ಟಿಸುತ್ತದೆ, ಆಗ ದೀಪ ಆರಬೇಕು. ಆರದಿದ್ದರೆ ಡೈನಮೋ ಸೋಮಾರಿಯಾಗಿದೆ, ಕಾರು ಬ್ಯಾಟರಿಯಲ್ಲಿ ಕೂಡಿಟ್ಟದ್ದನ್ನೇ ತಿಂದುಕೊಂಡು ಓಡುತ್ತಿದೆ ಎಂದರ್ಥ. "ಬ್ಯಾಟರಿ ಅಂದ್ರೆ ಕಣಜ, ಡೈನಮೋ ಅಂದ್ರೆ ಗದ್ದೆ" ಎನ್ನುತ್ತಿದ್ದರು ದೊಡ್ಡಪ್ಪ. ಗದ್ದೆಯಲ್ಲಿ ಬೆಳೆ ಬಾರದಿದ್ದರೆ ಕಣಜ ಎಷ್ಟು ದಿನ ತಡೆದೀತು?

ನಮ್ಮ ಕಣಜ ಒಂದು ವಾರ ತಡೆಯುತ್ತಿತ್ತು. ಆದ್ದರಿಂದ ಪ್ರತಿ ಶನಿವಾರ ದೊಡ್ಡಪ್ಪ ಬ್ಯಾಟರಿಯನ್ನು ಬಿಚ್ಚಿ, ಸೈಕಲ್ಲಿನ ಕ್ಯಾರಿಯರಿಗೆ ಹಗ್ಗದಿಂದ ಬಿಗಿದು, ಪೇಟೆಯ ಅಂಗಡಿಗೆ ಚಾರ್ಜಿಗೆ ತೆಗೆದುಕೊಂಡು ಹೋಗುತ್ತಿದ್ದರು. ಬೇರೆಯವರ ಮನೆಯಲ್ಲಿ ಜನ ಕಾರಿನಲ್ಲಿ ಹೋಗುತ್ತಾರೆ. ನಮ್ಮ ಮನೆಯಲ್ಲಿ ಕಾರು ಸೈಕಲ್ಲಿನಲ್ಲಿ ಹೋಗುತ್ತಿತ್ತು, ಬಿಡಿ ಬಿಡಿಯಾಗಿ!

ಇನ್ನು ಪರೀಕ್ಷೆಯ ವಿಧಾನ. ಬೆಳಗ್ಗೆ ಏಳಕ್ಕೆ ಕಾಂಪೌಂಡಿನಲ್ಲಿ ಬಾನೆಟ್ ಏಳುತ್ತಿತ್ತು. ದೊಡ್ಡಪ್ಪನ ತಲೆ ಅದರೊಳಗೆ ಇಳಿಯುತ್ತಿತ್ತು. ತಲೆ ಒಳಗಿದ್ದರೆ ದೀಪ ಕಾಣುವುದಿಲ್ಲವಲ್ಲ, ಅದಕ್ಕಾಗಿ ದೊಡ್ಡಮ್ಮ ಡ್ರೈವರ್ ಸೀಟಿನಲ್ಲಿ ಕೂತು ದೀಪದ ಸ್ಥಿತಿಯನ್ನು ವರದಿ ಮಾಡಬೇಕು, ಹೇಳಿದಾಗ ಆಕ್ಸಿಲರೇಟರ್ ಒತ್ತಬೇಕು. ದೊಡ್ಡಮ್ಮ ಮಡಿಲಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಲೇ ಈ ಕೆಲಸ ಮಾಡುತ್ತಿದ್ದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವವಳು.

"ಉರೀತಾ ಐತೆ" ಎನ್ನುವಳು ದೊಡ್ಡಮ್ಮ.

ಬಾನೆಟ್ಟಿನ ಒಳಗಿನಿಂದ ದೊಡ್ಡಪ್ಪನ ದನಿ ಬರುತ್ತಿತ್ತು. ಉರಿಯುತ್ತಿದೆ ಎಂದರೆ ವಿಜ್ಞಾನವಾಗಲಿಲ್ಲ, ಪ್ರಖರವಾಗಿಯೋ ಮಂದವಾಗಿಯೋ ಹೇಳು ಎಂದು.

"ಸಿಟ್ಟು ಬಂದಾಗ ನಿಮ್ ಮೂಗಿರ್ತದಲ್ಲ, ಅಂಗೈತೆ."

ಒಳಗಿನಿಂದ ನನಗೆ ಅಪ್ಪಣೆಯಾಯಿತು: "ಮಧ್ಯಮ ಅಂತ ಬರ್ಕೋ."

ವಾರಕ್ಕೊಂದು ಆರೋಪಿ. ಮೊದಲ ವಾರ ಬಲ್ಬಿನ ಮೇಲೆಯೇ ಅನುಮಾನ ಬಂತು. ಹೊಸ ಬಲ್ಬು ಹಾಕಿದರು, ಅದು ಹಳೆಯದಕ್ಕಿಂತ ಚೆನ್ನಾಗಿ ಉರಿಯಿತು. ಎರಡನೇ ವಾರ ವೈರುಗಳೆಲ್ಲ ಹೊರಬಂದು ಅಂಗಳದಲ್ಲಿ ಶ್ಯಾವಿಗೆಯಂತೆ ಒಣಗಿದವು. ಮೂರನೇ ವಾರ ಫ್ಯಾನ್ ಬೆಲ್ಟನ್ನು ವೀಣೆಯ ತಂತಿಯಷ್ಟು ಬಿಗಿಮಾಡಿದರು, ಕಾರು ಅದಕ್ಕೆ ಕಿರುಚಿತು, ದೀಪ ಮಾತ್ರ ತನ್ನ ಪಾಡಿಗೆ ಉರಿಯಿತು. ಎಲ್ಲವನ್ನೂ ಬಿಚ್ಚಿದ ದೊಡ್ಡಪ್ಪ ಡೈನಮೋ ಒಂದನ್ನು ಯಾಕೆ ಬಿಚ್ಚಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಡೈನಮೋದ ಪಾಠವನ್ನು ತಾವು ಇಪ್ಪತ್ತೆಂಟು ವರ್ಷ ಕಪ್ಪುಹಲಗೆಯ ಮೇಲೆ ಚಿತ್ರ ಬಿಡಿಸಿ ಮಾಡಿದ್ದೇವೆ, ಅದರೊಳಗೆ ಏನಿದೆ ಎಂದು ತಮಗೆ ಬಿಚ್ಚದೆಯೇ ಗೊತ್ತು ಎಂದುಬಿಟ್ಟರು.

ಐದನೇ ವಾರ ದೊಡ್ಡಮ್ಮನೇ ಒಂದು ಉಪಾಯ ಮಾಡಿದಳು. ಚಪಾತಿಗೆ ಕಲೆಸಿದ ಹಿಟ್ಟಿನಲ್ಲಿ ಒಂದು ಚೂರು ಹಿಸುಕಿ ದೀಪದ ಮೇಲೆ ಮೆತ್ತಿಬಿಟ್ಟಳು. ದೊಡ್ಡಪ್ಪ ಬಂದು ಕೂತು ಕಾರು ಸ್ಟಾರ್ಟ್ ಮಾಡಿ ಎಂಜಿನ್ ಜೋರು ಮಾಡಿದರು. ದೀಪವಿಲ್ಲ. ಅವರ ಮುಖ ಅರಳಿದ ರೀತಿ ನೋಡಬೇಕಿತ್ತು. ಬಗ್ಗಿ ನೋಡಿದರು. ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಆ ಹಿಟ್ಟಿನ ಉಂಡೆಯನ್ನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, ರೋಗದ ಲಕ್ಷಣವನ್ನು ಮುಚ್ಚುವುದಕ್ಕೂ ರೋಗವನ್ನು ವಾಸಿಮಾಡುವುದಕ್ಕೂ ಇರುವ ವ್ಯತ್ಯಾಸದ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿದರು. ದೊಡ್ಡಮ್ಮ ಅಷ್ಟರಲ್ಲಿ ಹನ್ನೆರಡು ಚಪಾತಿ ಲಟ್ಟಿಸಿದ್ದಳು.

ನಿಂತ ಕಾರಿನಲ್ಲಿ ಸತ್ಯ ಹೊರಬರುವುದಿಲ್ಲ, ಚಲಿಸುವ ಕಾರಿನಲ್ಲಿ ನೋಡಬೇಕು ಎಂದು ಮುಂದೆ ತೀರ್ಮಾನವಾಯಿತು. ಆದರೆ ದೊಡ್ಡಪ್ಪನೇ ಓಡಿಸಿದರೆ ಎಂಜಿನ್ನಿನ ಶಬ್ದಕ್ಕೆ ಕಿವಿಗೊಡುವವರು ಯಾರು? ಹಾಗಾಗಿ ದೊಡ್ಡಮ್ಮನಿಗೆ ಕ್ಲಚ್ಚು, ಬ್ರೇಕು, ಒಂದನೇ ಗೇರು ಇಷ್ಟನ್ನು ಹೇಳಿಕೊಡಲಾಯಿತು. ಸಂಜೆ ಐದಕ್ಕೆ ಬಡಾವಣೆಯ ಖಾಲಿ ರಸ್ತೆಯಲ್ಲಿ ನಮ್ಮ ಮೆರವಣಿಗೆ ಹೊರಡುತ್ತಿತ್ತು. ಕಾರಿನಲ್ಲಿ ದೊಡ್ಡಮ್ಮ, ಸೆರಗು ಬಿಗಿದು, ಬೆನ್ನು ನೆಟ್ಟಗೆ ಮಾಡಿಕೊಂಡು. ಪಕ್ಕದಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟು, ಕಿವಿ ವಾಲಿಸಿ, ದಾಪುಗಾಲು ಹಾಕುತ್ತಿದ್ದ ದೊಡ್ಡಪ್ಪ. ಹಿಂದೆ ನೋಟ್‌ಬುಕ್ ಹಿಡಿದ ನಾನು. ಎದುರು ಮನೆಯ ಅಜ್ಜಿಯೊಬ್ಬರು ಎರಡು ದಿನ ಸುಮ್ಮನೆ ನೋಡಿ ಮೂರನೇ ದಿನ ನನ್ನನ್ನು ಕರೆದು, ಮೇಷ್ಟ್ರು ಯಾವ ದೇವರಿಗೆ ಹರಕೆ ಹೊತ್ತಿದ್ದಾರೆ, ಇನ್ನೂ ಎಷ್ಟು ದಿನ ನಡೆಯಬೇಕು ಎಂದು ವಿಚಾರಿಸಿದರು.

ಒಂದು ಸಂಗತಿಯನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆಯಲಿಲ್ಲ. ಮೆರವಣಿಗೆಯ ಎರಡನೇ ವಾರದಿಂದ ದೊಡ್ಡಮ್ಮ ನಾಲ್ಕೂವರೆಗೇ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು ತಯಾರಾಗುತ್ತಿದ್ದಳು.

ಹೀಗೆ ನಾಲ್ಕು ತಿಂಗಳು! ಯಾರಾದರೂ ಮೆಕ್ಯಾನಿಕ್ ಇರಲಿಲ್ಲವೇ? ಇದ್ದರು. ಮದ್ದೂರಿನಲ್ಲಿ ಬಾಷಾ ಸಾಬರು ಎಂಬುವರ ಗ್ಯಾರೇಜಿತ್ತು. ಸುತ್ತಮುತ್ತಲ ಹಳೆಯ ಕಾರುಗಳೆಲ್ಲ ಅವರ ಕೈ ಹಿಡಿದೇ ಬದುಕಿದ್ದವು. ಒಮ್ಮೆ ಸಾಮಾನು ಕೊಳ್ಳಲು ಮಂಡ್ಯಕ್ಕೆ ಬಂದಿದ್ದವರು ನಮ್ಮ ಮೆರವಣಿಗೆ ನೋಡಿ ನಿಂತರು. ಕೈ ಮುಗಿದು, ಗಾಡಿಯನ್ನು ಒಂದು ಗಂಟೆ ತಮ್ಮ ಹತ್ತಿರ ಬಿಟ್ಟರೆ ಸಾಕು ಎಂದು ವಿನಯದಿಂದ ಕೇಳಿದರು. ದೊಡ್ಡಪ್ಪ ಅವರ ಯೋಗಕ್ಷೇಮ ವಿಚಾರಿಸಿ ಕಳಿಸಿಕೊಟ್ಟು, ಮನೆಯೊಳಗೆ ಬಂದು ಹೇಳಿದರು: "ವಿಜ್ಞಾನದಲ್ಲಿ ನನ್ನ ಕೈಲೇ ಎರಡು ಸಲ ಫೇಲಾದವನು ಅವನು. ವಿದ್ಯುತ್ತಿನ ಪಾಠದಲ್ಲೇ ಫೇಲಾದದ್ದು."

ಕೊನೆಗೆ ದೊಡ್ಡಪ್ಪನ ನಿಯಮದ ಕಟ್ಟು ಸಡಿಲಿಸಿದ್ದು ಕೊಕ್ಕರೆಗಳು. ದೊಡ್ಡಮ್ಮನ ತವರು ಕೊಕ್ಕರೆ ಬೆಳ್ಳೂರು. ಕಾರು ಬಂದ ದಿನವೇ, ಹಕ್ಕಿಗಳು ಗೂಡು ಕಟ್ಟಿದಾಗ ಕಾರಿನಲ್ಲೇ ತವರಿಗೆ ಕರೆದುಕೊಂಡು ಹೋಗುವುದಾಗಿ ದೊಡ್ಡಪ್ಪ ಮಾತು ಕೊಟ್ಟಿದ್ದರು. ಒಂದು ರಾತ್ರಿ ಊಟ ಬಡಿಸುತ್ತ ದೊಡ್ಡಮ್ಮ ತಣ್ಣಗೆ ಕೇಳಿದಳು:

"ಅಣ್ಣ ಯೋಳ್ ಕಳ್ಸವ್ನೆ, ಹಕ್ಕಿ ಮೊಟ್ಟೆ ಇಕ್ಕವಂತೆ. ಅವು ಮರಿ ಮಾಡ್ಕೊಂಡು, ಮರಿ ರೆಕ್ಕೆ ಬಲ್ತು ಆರೋಗೋದ್ರೊಳಗೆ ನಮ್ ಗಾಡಿ ಸರಿಯಾಯ್ತದಾ?"

ದೊಡ್ಡಪ್ಪ ಅನ್ನ ಕಲೆಸುತ್ತಲೇ ಇದ್ದರು. ಮುಂದಿನ ಭಾನುವಾರ ಮದ್ದೂರಿಗೆ ಹೋಗೋಣ ಎಂದರು. ರಿಪೇರಿಗಲ್ಲವಂತೆ, ಹಳೆಯ ಶಿಷ್ಯ ಗ್ಯಾರೇಜನ್ನು ಹೇಗೆ ಇಟ್ಟಿದ್ದಾನೆಂದು ನೋಡಿಕೊಂಡು ಬರುವುದಕ್ಕಂತೆ.

ಭಾನುವಾರ ಬೆಳಗ್ಗೆ ಮೂವರೂ ಹೊರಟೆವು. ದೊಡ್ಡಪ್ಪ ಓಡಿಸುತ್ತಿದ್ದರು, ದೊಡ್ಡಮ್ಮ ಪಕ್ಕದಲ್ಲಿ, ನಾನು ಹಿಂದೆ. ದೀಪ ಉರಿಯುತ್ತಿತ್ತು. ಹಗಲಾದ್ದರಿಂದ, ಹೆಡ್‌ಲೈಟು ಹಾಕದಿದ್ದರೆ ಬ್ಯಾಟರಿಯೊಂದರ ಮೇಲೆಯೇ ಮದ್ದೂರು ಮುಟ್ಟಬಹುದೆಂದು ಲೆಕ್ಕವಾಗಿತ್ತು. ಗೆಜ್ಜಲಗೆರೆ ದಾಟಿ ಸ್ವಲ್ಪ ದೂರ ಬಂದಿರಬೇಕು, ಕಾರು ಒಂದು ಹಳ್ಳಕ್ಕೆ ಧಡ್ಡೆಂದು ಇಳಿದು ಎದ್ದಿತು. ಆ ಹೊಡೆತಕ್ಕೆ ನಾಲ್ಕು ತಿಂಗಳಿಂದ ಉರಿಯುತ್ತಿದ್ದ ದೀಪ ಫಕ್ಕನೆ ಆರಿತು. ಎಣಿಸಿ ಐದು ಸೆಕೆಂಡು. ಮತ್ತೆ ಹತ್ತಿಕೊಂಡಿತು.

ದೊಡ್ಡಪ್ಪ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿಯೇಬಿಟ್ಟರು. ಮದ್ದೂರು ಇನ್ನೇನು ಎರಡು ಮೂರು ಮೈಲಿ. ಅಲ್ಲಿಗೇ ಹೋಗಿ ತೋರಿಸೋಣ ಎಂದು ದೊಡ್ಡಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಏನೋ ಸಡಿಲವಾಗಿದೆ, ಅಲುಗಾಡಿದರೆ ಕೂಡಿಕೊಳ್ಳುತ್ತದೆ, ಈಗಲೇ ಕೈಗೆ ಸಿಗುತ್ತದೆ ಎಂದರು. ಶಿಷ್ಯನ ಮುಂದೆ ರೋಗವನ್ನು ತಾವೇ ಹೇಳಿ ಔಷಧಿಯನ್ನು ಮಾತ್ರ ಅವನಿಗೆ ಬಿಡುವ ಆಸೆ ಅವರ ಮುಖದಲ್ಲೇ ಇತ್ತು. ಎಂಜಿನ್ ಓಡುತ್ತಿರುವಂತೆಯೇ ಇಳಿದು ಬಾನೆಟ್ ಎತ್ತಿದರು. ದೊಡ್ಡಮ್ಮ ಡ್ರೈವರ್ ಸೀಟಿಗೆ ಸರಿದಳು. ದೊಡ್ಡಪ್ಪ ಎಡಗೈಯಲ್ಲಿ ಡೈನಮೋ ಹಿಡಿದು ಅಲುಗಾಡಿಸುತ್ತ, ಒತ್ತು ಎಂದರು. ಎಂದಿನಂತೆ ದೊಡ್ಡಮ್ಮ ಆಕ್ಸಿಲರೇಟರ್ ಒತ್ತಿದಳು.

ಕೂಗು ಕೇಳಿ ನಾನು ಕೆಳಗಿಳಿದಾಗ ದೊಡ್ಡಪ್ಪ ಎಡಗೈಯನ್ನು ಎದೆಗೆ ಒತ್ತಿ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕೂತಿದ್ದರು. ಎರಡು ಬೆರಳು ಬೆಲ್ಟಿಗೆ ಸಿಕ್ಕಿದ್ದವು. ಬಿಳಿ ಶರಟಿನ ಮುಂಭಾಗವೆಲ್ಲ ಕೆಂಪಾಗಿತ್ತು.

ದೊಡ್ಡಮ್ಮ ಟವೆಲ್ಲನ್ನು ಬೆರಳುಗಳಿಗೆ ಸುತ್ತಿ ಅದರ ಮೇಲೆ ತನ್ನ ಸೆರಗಿನ ತುದಿಯನ್ನು ಹರಿದು ಬಿಗಿದಳು. ಮಂಡ್ಯದ ಕಡೆಯಿಂದ ಬಂದ ಎರಡು ಬಸ್ಸುಗಳು ಬಾಗಿಲಲ್ಲೂ ಜನ ತುಂಬಿಕೊಂಡು ನಿಲ್ಲದೆ ಹೋದವು. ಬಿಟ್ಟರೆ ಎತ್ತ ನೋಡಿದರೂ ಕಬ್ಬಿನ ಗಾಡಿಗಳು. ರಕ್ತ ಟವೆಲ್ಲನ್ನು ದಾಟಿ ಜಿನುಗುತ್ತಿತ್ತು. ದೊಡ್ಡಪ್ಪನ ತುಟಿ ಬಿಳಿಚಿತ್ತು. ನಾನು ಅಳುತ್ತ, ಮಂಡ್ಯಕ್ಕೆ ವಾಪಸು ಹೋಗುವುದು ಹೇಗೆ ಎಂದೆ.

"ಇಂದಕ್ಕೆ ತಿರುಗ್ಸಕ್ಕೆ ನಂಗ್ ಬರಾಕಿಲ್ಲ" ಎಂದಳು ದೊಡ್ಡಮ್ಮ. "ಮುಂದಕ್ಕೇ ಓಗಾನ. ಕೂತ್ಕಳಿ."

ಓಡುತ್ತಲೇ ಇದ್ದ ಎಂಜಿನ್ನಿನ ಮೇಲೆ ಬಾನೆಟ್ ಮುಚ್ಚಿ, ದೊಡ್ಡಪ್ಪನನ್ನು ಅವಳ ಎಡಕ್ಕೆ ಕೂರಿಸಿದೆ. ಹಿಂದಿನ ಸೀಟಿನಿಂದ ಬಗ್ಗಿ ಅವರ ಎಡಗೈಯನ್ನು ಮೇಲೆತ್ತಿ ಹಿಡಿದುಕೊಂಡೆ. ಕಾರು ಒಂದನೇ ಗೇರಿನಲ್ಲಿ ರಸ್ತೆಗೆ ಏರಿತು. ದೊಡ್ಡಮ್ಮನಿಗೆ ಬರುತ್ತಿದ್ದದ್ದು ಅದೊಂದೇ ಗೇರು. ಎಂಜಿನ್ ಕೆರಳಿದ ಗೂಳಿಯಂತೆ ಅರಚತೊಡಗಿತು. ಕಬ್ಬಿನ ಗಾಡಿಯ ಎತ್ತುಗಳು ನಮ್ಮನ್ನು ಸಾವಕಾಶವಾಗಿ ನೋಡಿದವು. ಬೆರಳು ಜಜ್ಜಿಹೋದಾಗ ಒಂದೇ ಸಲ ಕೂಗಿ ಸುಮ್ಮನಾಗಿದ್ದ ದೊಡ್ಡಪ್ಪ ಈಗ ಎಂಜಿನ್ನಿನ ಸಂಕಟ ಕೇಳಲಾರದೆ ನರಳಿದರು. ನೆಟ್ಟಗಿದ್ದ ಬಲಗೈಯನ್ನು ಚಾಚಿ ಗೇರಿನ ಕೋಲನ್ನು ಹಿಡಿದರು.

"ಕ್ಲಚ್ಚು" ಎಂದರು. ದೊಡ್ಡಮ್ಮ ಒತ್ತಿದಳು. ಅವರು ಕೋಲು ಎಳೆದರು. "ಬಿಡು. ಮೆಲ್ಲಗೆ."

ಹೀಗೆ ಒಬ್ಬರ ಕಾಲು, ಇನ್ನೊಬ್ಬರ ಕೈ ಸೇರಿ ಕಾರು ಎರಡನೇ ಗೇರಿಗೆ, ಆಮೇಲೆ ಮೂರನೆಯದಕ್ಕೆ ಹೋಯಿತು. ಶಿಂಷಾ ಸೇತುವೆ ಕಂಡಿತು. ಆ ಕಾಲದ ಸೇತುವೆ ಎಷ್ಟು ಕಿರಿದು! ಎದುರಿನಿಂದ ಲಾರಿ ಬರುತ್ತಿತ್ತು. ದೊಡ್ಡಮ್ಮ ಬ್ರೇಕು ಒತ್ತಲಿಲ್ಲ, ಕಣ್ಣು ಮುಚ್ಚಲಿಲ್ಲ, ತನ್ನ ಬದಿಯನ್ನು ಬಿಡಲಿಲ್ಲ. ಲಾರಿಯವನೇ ಆ ತುದಿಯಲ್ಲಿ ನಿಂತ. ನಾವು ದಾಟುವಾಗ ಅವನು ತಲೆ ಹೊರಗೆ ಹಾಕಿ, ಸೆರಗು ಹರಿದ ಹೆಂಗಸೊಬ್ಬಳು ಕಾರು ಓಡಿಸುವುದನ್ನು ಬಾಯಿ ತೆರೆದು ನೋಡುತ್ತಿದ್ದ.

ಸೇತುವೆ ದಾಟಿದ ಮೇಲೆ ದೊಡ್ಡಮ್ಮ ರಸ್ತೆಯ ಮೇಲಿನ ಕಣ್ಣು ತೆಗೆಯದೆ, "ನಾನೇ ಒತ್ತಿದ್ದು ಕಣ್ರೀ" ಎಂದಳು. ಅವಳ ದನಿ ಹಾಗೆ ಒಡೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಪೇಟೆಯ ತಿರುವು ಬಂದಿತ್ತು. ದೊಡ್ಡಪ್ಪ "ಕ್ಲಚ್ಚು" ಎಂದರು.

ಆಸ್ಪತ್ರೆಯ ಬಾಗಿಲಿಗೆ ಕಾರು ನಿಂತಿತು. ದೊಡ್ಡಪ್ಪ ಗೇರನ್ನು ನ್ಯೂಟ್ರಲ್ಲಿಗೆ ತಂದು ನನ್ನ ಹೆಗಲು ಹಿಡಿದು ಇಳಿದರು. ಒಳಗೆ ಹೊಲಿಗೆ ಹಾಕುವುದಕ್ಕೆ ಒಂದು ಗಂಟೆಗಿಂತ ಹೆಚ್ಚೇ ಹಿಡಿಯಿತು. ಬೆರಳು ಉಳಿದವು, ನಡುಬೆರಳಿನ ತುದಿಯಷ್ಟು ಹೋಯಿತು. ಡಾಕ್ಟರು ಹೇಗಾಯಿತು ಎಂದು ಕೇಳಿದ್ದೇ ತಪ್ಪಾಯಿತು. ಡೈನಮೋ ಎಂದರೇನು ಎಂಬಲ್ಲಿಂದ ಪಾಠ ಶುರುವಾಯಿತು. ಪಕ್ಕದಲ್ಲಿ ಹತ್ತಿ ಹಿಡಿದು ನಿಂತಿದ್ದ ಕಾಂಪೌಂಡರ್ ಕೂಡ ಕೊನೆಯಲ್ಲಿ ಎರಡು ಪ್ರಶ್ನೆ ಕೇಳಿದ.

ರೋಗ ಏನಿತ್ತು ಎಂಬುದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಡೈನಮೋದ ಒಳಗೆ ಕಿರುಬೆರಳಿನ ಉಗುರಿನಷ್ಟು ಒಂದು ಕಾರ್ಬನ್ ತುಂಡಿರುತ್ತದೆ. ಅದು ಸವೆದು ಗಿಡ್ಡವಾಗಿ, ಮುಟ್ಟಬೇಕಾದ ಜಾಗವನ್ನು ಮುಟ್ಟದೆ ನಿಂತಿತ್ತು. ಹಳ್ಳಕ್ಕೆ ಬಿದ್ದಾಗ ಒಂದು ಕ್ಷಣ ಮುಟ್ಟಿತ್ತು, ಅಷ್ಟೇ. ಬಾಷಾ ಸಾಬರು ಆ ಮಧ್ಯಾಹ್ನವೇ ಹೊಸ ತುಂಡು ಹಾಕಿದರು, ಇಪ್ಪತ್ತು ನಿಮಿಷದ ಕೆಲಸ. ದೀಪ ಆರಿತು. ಆ ಋತುವಿನ ಮರಿಗಳು ಹಾರುವ ಮೊದಲೇ ನಾವು ಬೆಳ್ಳೂರಿಗೂ ಹೋಗಿ ಬಂದೆವು.

ಆದರೆ ನಾನು ಹೇಳಬೇಕೆಂದಿದ್ದದ್ದು ಅದಲ್ಲ. ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ದೊಡ್ಡಪ್ಪ ಆಸ್ಪತ್ರೆಯಿಂದ ಹೊರಗೆ ಬಂದಾಗ ಕಾರಿನ ಸುತ್ತ ಹತ್ತು ಹನ್ನೆರಡು ಜನ ಸೇರಿದ್ದರು. ಯಾರೋ ಹೇಳಿ ಕಳಿಸಿ ಬಾಷಾ ಸಾಬರೂ ಬಂದು ನಿಂತಿದ್ದರು. ಎಂಜಿನ್ ಇನ್ನೂ ಓಡುತ್ತಲೇ ಇತ್ತು. ದೊಡ್ಡಮ್ಮ ನಾವು ಬಿಟ್ಟು ಹೋದ ಹಾಗೆಯೇ, ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಎದುರಿನ ಗೋಡೆಯನ್ನು ನೋಡುತ್ತ ಕೂತಿದ್ದಳು. ಕೈಗಳ ಮೇಲಿನ ರಕ್ತ ಒಣಗಿ ಕಪ್ಪಾಗಿತ್ತು.

"ಅಮ್ಮೋರು ಯಾರು ಯೋಳುದ್ರೂ ಕೇಳ್ತಾ ಇಲ್ಲ ಮೇಷ್ಟ್ರೇ" ಎಂದರು ಬಾಷಾ ಸಾಬರು. "ಆಫ್ ಮಾಡಕ್ಕೆ ಬುಡ್ತಾ ಇಲ್ಲ."

ದೊಡ್ಡಪ್ಪ ಕಿಟಕಿಯ ಹತ್ತಿರ ಬಗ್ಗಿದರು. ದೊಡ್ಡಮ್ಮ ಮೊದಲು ಅವರ ಮುಖ ನೋಡಿದಳು, ಆಮೇಲೆ ಬ್ಯಾಂಡೇಜು.

"ಆಫ್ ಮಾಡುದ್ರೆ ಇನ್ನೊಂದ್ ಕಿತ ಸ್ಟಾರ್ಟ್ ಆಗ್ದೆ ಓದ್ರೆ? ನಿಮ್ನ ಮನೆಗೆ ಎಂಗೆ ಕರ್ಕೊಂಡ್ ಓಗ್ಲಿ? ಅದ್ಕೇ ಅಂಗೇ ಬುಟ್ಕೊಂಡು ಕೂತಿವ್ನಿ."

ಡೈನಮೋ ಕೆಟ್ಟ ಕಾರಿನಲ್ಲಿ ಎಂಜಿನ್ ಓಡುತ್ತಿದ್ದಷ್ಟು ಹೊತ್ತೂ ಬ್ಯಾಟರಿ ಬರಿದಾಗುತ್ತದೆ. ಉಳಿಸಬೇಕೆಂದರೆ ಆರಿಸಬೇಕಿತ್ತು. ನಾಲ್ಕು ತಿಂಗಳು ಪಾಠ ಕೇಳಿದ್ದ ನನಗೆ ಅದು ಗೊತ್ತಿತ್ತು, ಬಾಯಿ ತೆರೆದೆ. ಬಾಷಾ ಸಾಬರೂ ಏನೋ ಹೇಳಲು ಹೊರಟರು. ದೊಡ್ಡಪ್ಪ ತಲೆ ಎತ್ತಿ ಇಬ್ಬರನ್ನೂ ಒಂದು ಸಲ ನೋಡಿದರು. ತರಗತಿಯಲ್ಲಿ ಪಿಸುಮಾತು ನಿಲ್ಲಿಸುತ್ತಿದ್ದ ನೋಟ ಅದೇ ಇರಬೇಕು. ಇಬ್ಬರೂ ಬಾಯಿ ಮುಚ್ಚಿದೆವು.

"ಸರಿಯಾಗೇ ಮಾಡಿದೀಯ ಕಣೇ" ಎಂದರು ದೊಡ್ಡಪ್ಪ. "ನಾನಿದ್ದಿದ್ರೂ ಹಂಗೇ ಮಾಡ್ತಿದ್ದೆ."

ಬಳಸಿಕೊಂಡು ಬಂದು ಅವಳ ಪಕ್ಕದ ಸೀಟಿನಲ್ಲಿ ಕೂತರು. ಮದ್ದೂರಿನ ಅಷ್ಟು ಜನ ನೋಡುತ್ತಿದ್ದಂತೆಯೇ ಬಲಗೈಯನ್ನು ಚಾಚಿ, ಸ್ಟೀರಿಂಗಿನ ಮೇಲೆ ಬಿಗಿದುಕೊಂಡಿದ್ದ ಅವಳ ಕೈಯ ಮೇಲಿಟ್ಟರು. ದೊಡ್ಡಮ್ಮನ ಬೆರಳುಗಳು ಒಂದೊಂದಾಗಿ ಸಡಿಲವಾದವು. ಬಾಷಾ ಸಾಬರು ಜನರನ್ನು ಮೆಲ್ಲಗೆ ಆಚೆಗೆ ಕಳಿಸತೊಡಗಿದರು. ಎಂಜಿನ್ ಓಡುತ್ತಲೇ ಇತ್ತು. ಅದನ್ನು ಆರಿಸುವ ಆತುರ ದೊಡ್ಡಪ್ಪನಿಗೆ ಇರಲಿಲ್ಲ.